ಹೊಸ ವಿಂಡೋಸ್, ಹಳೆಯ ಕನ್ನಡ ತಂತ್ರಾಂಶ: ‘ಡಿಎಲ್‌ಎಲ್ ಇಲ್ಲ’ ಎಂದರೇನು?

ತೂಬಗೆರೆ: ದೊಡ್ಡಬಳ್ಳಾಪುರ ತಾಲ್ಲೂಕಿನ ಈ ಹೋಬಳಿ ಕೇಂದ್ರದಂತಹ ಊರುಗಳಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳಿಗೆ ಜನ ಟೈಪಿಂಗ್ ಅಂಗಡಿಗಳನ್ನೇ ನೆಚ್ಚಿದ್ದಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಹೊಸ ಕಂಪ್ಯೂಟರ್ ಕೊಂಡು, ಹಳೆಯ ಕನ್ನಡ ತಂತ್ರಾಂಶದ ಫೋಲ್ಡರನ್ನು ಅದಕ್ಕೆ ನಕಲು ಮಾಡಿದವರಿಗೆ ‘ಇಂಥ ಡಿಎಲ್‌ಎಲ್ ಕಡತ ಸಿಗಲಿಲ್ಲ’ ಎಂಬ ಸಂದೇಶ ಎದುರಾದರೆ ಅಚ್ಚರಿಯಿಲ್ಲ.

ಏನಿದು ಡಿಎಲ್‌ಎಲ್?

ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಸಂಕೇತಗಳ ಕಡತವೇ ಡಿಎಲ್‌ಎಲ್. ತಂತ್ರಾಂಶ ಆರಂಭವಾಗುವಾಗ ವಿಂಡೋಸ್ ಇದನ್ನು ಹುಡುಕಿ ಜೋಡಿಸುತ್ತದೆ. ಹಿಂದೆ ಒಂದು ತಂತ್ರಾಂಶ ತನ್ನ ಆವೃತ್ತಿಯನ್ನು ಮತ್ತೊಂದರ ಮೇಲೆ ಬರೆದುಬಿಡುತ್ತಿತ್ತು. ಆಗ ಮತ್ತೊಂದು ಕೆಡುತ್ತಿತ್ತು. ತಂತ್ರಜ್ಞರು ಇದನ್ನು ‘ಡಿಎಲ್‌ಎಲ್ ನರಕ’ ಎಂದೇ ಕರೆದರು. 2001ರ ವಿಂಡೋಸ್ ಎಕ್ಸ್‌ಪಿ, ಒಂದೇ ಕಡತದ ಹಲವು ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿ ಇರಿಸುವ ವ್ಯವಸ್ಥೆ ತಂದಿತು.

ದೋಷ ಎಲ್ಲಿ?

ಕಾರಣಗಳು ಮುಖ್ಯವಾಗಿ ಮೂರು. ಕಡತವೇ ಇಲ್ಲದಿರುವುದು, ಆವೃತ್ತಿ ಹೊಂದದಿರುವುದು ಮತ್ತು 32 ಬಿಟ್–64 ಬಿಟ್ ಬೆರಕೆಯಾಗಿರುವುದು. 32 ಬಿಟ್ ತಂತ್ರಾಂಶಕ್ಕೆ 64 ಬಿಟ್ ಡಿಎಲ್‌ಎಲ್ ಹೊಂದುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ‘ಸಿಸ್ಟಂ32’ ಫೋಲ್ಡರ್ 64 ಬಿಟ್ ಕಡತಗಳಿಗೆ, ‘ಸಿಸ್‌ವಾವ್64’ 32 ಬಿಟ್ ಕಡತಗಳಿಗೆ ಮೀಸಲು. ಹೆಸರಿಗೂ ಹೂರಣಕ್ಕೂ ಸಂಬಂಧವಿಲ್ಲದ ಕಾರಣ ಗೊಂದಲ ಸಹಜ. ವಿಂಡೋಸ್ 11 ಪಿಸಿಗಳಿಗೆ 64 ಬಿಟ್ ರೂಪದಲ್ಲಷ್ಟೇ ಲಭ್ಯ. ಹೀಗಾಗಿ ಅದರಲ್ಲಿ 16 ಬಿಟ್‌ನ ಹಳೆಯ ತಂತ್ರಾಂಶಗಳು ನೇರವಾಗಿ ನಡೆಯುವುದಿಲ್ಲ.

ಪರಿಹಾರವೇನು?

ಮೊದಲು ಸಂದೇಶದಲ್ಲಿರುವ ಕಡತದ ಹೆಸರನ್ನು ಬರೆದುಕೊಳ್ಳಿ. ಫೋಲ್ಡರ್ ನಕಲು ಮಾಡುವ ಬದಲು ಮೂಲ ಸೆಟಪ್‌ನಿಂದಲೇ ತಂತ್ರಾಂಶವನ್ನು ಅಳವಡಿಸಿ. ‘ಎಂಎಸ್‌ವಿಸಿಪಿ140’ ಎಂಬ ಹೆಸರು ಕಂಡರೆ ಮೈಕ್ರೋಸಾಫ್ಟ್ ತಾಣದಿಂದಲೇ ವಿಷುಯಲ್ ಸಿ++ ರನ್‌ಟೈಮ್ ಪಡೆಯಿರಿ. ತಂತ್ರಾಂಶ 32 ಬಿಟ್ ಆಗಿದ್ದರೆ, ವಿಂಡೋಸ್ 64 ಬಿಟ್ ಆಗಿದ್ದರೂ ಎಕ್ಸ್86 ಕಂತೆಯೇ ಬೇಕು. ಬಿಡಿ ಡಿಎಲ್‌ಎಲ್ ಹಂಚುವ ಅಪರಿಚಿತ ತಾಣಗಳ ಸಹವಾಸ ಬೇಡ. ಅದರೊಡನೆ ವೈರಸ್ಸೂ ಒಳನುಸುಳೀತು.

ಲಿನಕ್ಸ್ ಬಳಕೆದಾರರಿಗೂ ಈ ಕಾಟ ತಪ್ಪಿದ್ದಲ್ಲ. ‘ಜಿಲಿಬ್‌ಸಿ 2.34 ಇಲ್ಲ’ ಎಂದು ಬಂದರೆ, ಹೊಸ ವ್ಯವಸ್ಥೆಗಾಗಿ ಸಿದ್ಧಪಡಿಸಿದ ತಂತ್ರಾಂಶವನ್ನು ಹಳೆಯದರಲ್ಲಿ ನಡೆಸುತ್ತಿದ್ದೀರಿ ಎಂದರ್ಥ. ಉಬುಂಟು 20.04ರಲ್ಲಿರುವುದು 2.31, 22.04ರಲ್ಲಿ 2.35. ನಂಬಿಕಸ್ಥ ತಂತ್ರಾಂಶವಾದರೆ ‘ಎಲ್‌ಡಿಡಿ’ ಆದೇಶ ನೀಡಿ, ಯಾವ ಕಡತ ಸಿಗುತ್ತಿಲ್ಲವೆಂದು ತಿಳಿಯಬಹುದು. ಜಿಲಿಬ್‌ಸಿಯೊಂದನ್ನೇ ಬಲವಂತವಾಗಿ ಬದಲಿಸಿದರೆ ಇಡೀ ವ್ಯವಸ್ಥೆಯೇ ಕುಸಿಯಬಹುದು.

ಹಳೆಯ ಯಂತ್ರ ಗುಜರಿಗೆ ಹಾಕುವ ಮುನ್ನ

ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಫಾಂಟ್ ಹಾಗೂ ಸೆಟಪ್ ಕಡತಗಳ ಪ್ರತಿ ತೆಗೆದಿಡುವುದು ಒಳಿತು. ಕೆಟ್ಟ ತಂತ್ರಾಂಶವನ್ನು ಮತ್ತೆ ಅಳವಡಿಸಬಹುದು. ಗ್ರಾಹಕರ ಹತ್ತಾರು ವರ್ಷಗಳ ಕಾಗದಪತ್ರ ಕಳೆದರೆ ತರುವುದೆಲ್ಲಿಂದ?