ಹಸುಗೂಸು ಅಳುವುದೇಕೆ?

ಸಂಜೆ ಏಳು ಗಂಟೆ. ಕೋಗಿಲಿನ ನಿಮ್ಮ ಮನೆಯಲ್ಲಿ ನೀವು ಪರೀಕ್ಷೆಗೆ ಓದುತ್ತಾ ಕುಳಿತಿದ್ದೀರಿ ಎಂದುಕೊಳ್ಳಿ. ಹೆರಿಗೆಗೆಂದು ತವರಿಗೆ ಬಂದ ಅಕ್ಕನ ಮಗುವಿಗೆ ಈಗ ಐದು ವಾರ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅದು ಅಳಲು ಶುರು ಮಾಡುತ್ತದೆ. ಹಾಲು ಕುಡಿಸಿದ್ದಾಯಿತು, ಬಟ್ಟೆ ಬದಲಿಸಿದ್ದಾಯಿತು, ಆದರೂ ಅಳು ನಿಲ್ಲದು. ‘ದೃಷ್ಟಿ ತಾಕಿದೆ’ ಎನ್ನುತ್ತಾರೆ ಅಜ್ಜಿ. ‘ತಾಯಿಗೆ ಹಾಲು ಸಾಲದು, ಪುಡಿ ಹಾಲು ಕೊಡಿ’ ಎನ್ನುತ್ತಾರೆ ಪಕ್ಕದ ಮನೆಯವರು. ಅಕ್ಕನ ಕಣ್ಣಲ್ಲೂ ನೀರು. ಯಾರ ಮಾತು ಸರಿ?

ಬಳ್ಳಾರಿ ರಸ್ತೆಯ ಬದಿಯಲ್ಲಿ, ಯಲಹಂಕದ ಪಕ್ಕದಲ್ಲಿರುವ ಕೋಗಿಲು ಒಂದು ಕಾಲಕ್ಕೆ ಕೆರೆಯಂಚಿನ ಹಳ್ಳಿ. ಇಂದು ಅದು ಮಹಾನಗರದ ಬಡಾವಣೆ. ಬಾಣಂತನ ಬಲ್ಲ ಹಿರಿಯರಿಲ್ಲದೆ, ಗಂಡ ಹೆಂಡತಿ ಇಬ್ಬರೇ ಕೂಸಿನೊಂದಿಗೆ ರಾತ್ರಿ ಕಳೆಯುವ ಮನೆಗಳು ಇಂಥ ಬಡಾವಣೆಗಳಲ್ಲಿ ಎಷ್ಟೋ ಇವೆ. ಆದ್ದರಿಂದ ಈ ವಿಷಯವನ್ನು ತಿಳಿಯುವುದು ತಾಯಂದಿರ ಕೆಲಸ ಮಾತ್ರವಲ್ಲ, ನಿಮ್ಮದೂ ಹೌದು.

ಅಳು ಎಂಬ ಸಂಕೇತ

ಗಂಡಸಿನ ಮಾತಿನ ದನಿಯಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಕಂಪನಗಳಿರುತ್ತವೆ, ಹೆಂಗಸಿನ ದನಿಯಲ್ಲಿ ಸುಮಾರು 200. ಹಸುಗೂಸಿನ ಅಳುವಿನಲ್ಲಾದರೋ 400ರಿಂದ 600! ಧ್ವನಿತಂತುಗಳು ಬಹಳ ಚಿಕ್ಕವಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಈ ದನಿಯ ಜೊತೆ ಹುಟ್ಟುವ ಮೇಲುಸ್ತರದ ಕಂಪನಗಳು ನಮ್ಮ ಕಿವಿ ಅತಿ ಸೂಕ್ಷ್ಮವಾಗಿ ಗ್ರಹಿಸುವ ವಲಯಕ್ಕೆ ಸೇರುತ್ತವೆ. ಅದಕ್ಕೇ ಲಾರಿ, ವಿಮಾನಗಳ ಸದ್ದಿನ ನಡುವೆಯೂ ಮಗುವಿನ ಅಳು ತಾಯಿಯನ್ನು ಎಬ್ಬಿಸುತ್ತದೆ. ಮೊದಲ ಕೆಲವು ವಾರ ಅಳುವಾಗ ಕೂಸಿಗೆ ಕಣ್ಣೀರು ಹರಿಯುವುದಿಲ್ಲ ಎಂಬುದನ್ನೂ ಗಮನಿಸಿ. ಕಣ್ಣನ್ನು ತೇವವಾಗಿಡುವಷ್ಟು ನೀರು ಮಾತ್ರ ಆಗ ಸ್ರವಿಸುತ್ತದೆ.

ಹಸಿವು, ಒದ್ದೆ ಬಟ್ಟೆ, ಸೆಖೆ, ಚಳಿ, ನಿದ್ದೆ, ಹೊಟ್ಟೆಯ ಗಾಳಿ, ಜನರ ಗದ್ದಲ, ಎತ್ತಿಕೊಳ್ಳಬೇಕೆಂಬ ಆಸೆ, ಇವೆಲ್ಲವನ್ನೂ ಹೇಳಲು ಮಗುವಿಗಿರುವುದು ಅಳು ಒಂದೇ ಎಂದು ನಾವು ಭಾವಿಸುತ್ತೇವೆ. ಅದು ಪೂರ್ತಿ ನಿಜವಲ್ಲ. ಹಸಿದ ಕೂಸು ಮೊದಲು ಬಾಯಿ ತೆರೆದು ತಲೆಯನ್ನು ಅತ್ತಿತ್ತ ತಿರುಗಿಸುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ. ಇದನ್ನು ಯಾರೂ ನೋಡದಿದ್ದರೆ ಕೊನೆಗೆ ಅಳುತ್ತದೆ. ಹಾಗಾಗಿ ಅಳುವಿಗೆ ಮುನ್ನವೇ ಹಾಲೂಡಿಸುವುದು ಸುಲಭ.

ಆರನೆಯ ವಾರದ ಗುಟ್ಟು

ಅಮೆರಿಕದ ಮಕ್ಕಳ ವೈದ್ಯ ಬ್ರೇಝೆಲ್ಟನ್ 80 ತಾಯಂದಿರಿಂದ ಮಕ್ಕಳ ಅಳುವಿನ ದಿನಚರಿ ಬರೆಸಿ, ಫಲಿತಾಂಶವನ್ನು 1962ರಲ್ಲಿ ಪ್ರಕಟಿಸಿದರು. ಎರಡನೆಯ ವಾರದಲ್ಲಿ ಕೂಸು ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳುತ್ತಿತ್ತು. ಆರನೆಯ ವಾರಕ್ಕೆ ಅದು ಎರಡೂಮುಕ್ಕಾಲು ಗಂಟೆಗೆ ಏರಿ, ಬಳಿಕ ಇಳಿಯುತ್ತಾ ಹೋಯಿತು. ಅಳು ಹೆಚ್ಚಾಗಿ ಸಂಜೆಯ ಹೊತ್ತಿನದು. ಇವು ಆರೋಗ್ಯವಂತ, ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳೆಂಬುದನ್ನು ಮರೆಯಬೇಡಿ. ದಿನಕ್ಕೆ ಮೂರು ಗಂಟೆಗೂ ಮಿಕ್ಕಿ, ವಾರದಲ್ಲಿ ಮೂರಕ್ಕಿಂತ ಹೆಚ್ಚು ದಿನ ಹೀಗೆ ಅಳುವ ಆರೋಗ್ಯವಂತ ಮಕ್ಕಳಿಗೆ ‘ಕೋಲಿಕ್’ ಇದೆ ಎಂದು ವೈದ್ಯರು ಹೇಳುತ್ತಾರೆ. ಇದಕ್ಕೆ ಖಚಿತ ಕಾರಣ ಇನ್ನೂ ಸಿಕ್ಕಿಲ್ಲ. ಆದರೆ ಮೂರು ನಾಲ್ಕು ತಿಂಗಳಲ್ಲಿ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ಅಡಗುತ್ತದೆ.

ಈಗ ಅಜ್ಜಿಯ ಮಾತಿಗೆ ಬರೋಣ. ಸಂಜೆ ಅಳು ಏರುತ್ತದೆ, ರಾತ್ರಿಯ ಹೊತ್ತಿಗೆ ತಾನೇ ಇಳಿಯುತ್ತದೆ. ನಡುವೆ ದೃಷ್ಟಿ ತೆಗೆದರೆ ಅಳು ನಿಂತ ಶ್ರೇಯಸ್ಸು ಅದಕ್ಕೆ ಸಲ್ಲುತ್ತದೆ, ಗ್ರೈಪ್ ವಾಟರ್ ಕೊಟ್ಟರೆ ಗ್ರೈಪ್ ವಾಟರ್‌ಗೆ ಸಲ್ಲುತ್ತದೆ. ಏನೂ ಮಾಡದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆ ಕೇಳುವುದೇ ವಿಜ್ಞಾನದ ದಾರಿ. ಅಜ್ಜಿಯ ಅಕ್ಕರೆಯನ್ನು ಅಲ್ಲಗಳೆಯಬೇಕಿಲ್ಲ. ಮೆಣಸಿನಕಾಯಿ ನಿವಾಳಿಸಿ ಸುಡುವುದಾದರೆ, ಸಾಂಬ್ರಾಣಿ ಹಾಕುವುದಾದರೆ, ಆ ಹೊಗೆ ಕೂಸಿನ ಉಸಿರಿಗೆ ತಾಕದಿರಲಿ ಎಂದು ವಿನಯದಿಂದ ಹೇಳಿ. ಜೇನುತುಪ್ಪ ನೆಕ್ಕಿಸುವುದು ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಮ್ ರೋಗಾಣುವಿನ ಬೀಜಕಣಗಳು ಕೂಸಿಗೆ ಅಪಾಯಕಾರಿ.

ಹಾಲು ಸಾಲದೇ?

ಪಕ್ಕದ ಮನೆಯವರ ಮಾತನ್ನು ಅಳುವಿನಿಂದಲ್ಲ, ಲೆಕ್ಕದಿಂದ ಪರೀಕ್ಷಿಸಿ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ತಾಯಿಯ ಹಾಲು ಸಾಕಾಗುತ್ತಿದೆ ಎಂದರ್ಥ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸುವುದು ಸಹಜವೇ. ಸುಮ್ಮನೆ ಬಾಟಲಿ ಹಿಡಿಸಿದರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದಂತೆ ಹಾಲು ಊರುವುದೂ ತಗ್ಗುತ್ತದೆ. ಆಗ ಇಲ್ಲದ ಕೊರತೆ ನಿಜವಾಗಿಬಿಡುತ್ತದೆ! ಎಳೆ ಶಿಶುಗಳ ಪುಡಿ ಹಾಲಿನ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿರುವುದರ ಹಿಂದೆ ತಾಯಿಯ ಹಾಲನ್ನು ಉಳಿಸುವ ಉದ್ದೇಶವಿದೆ.

ಸಂತೈಸುವ ಬಗೆ

ಮೊದಲು ಹಸಿವು, ಬಟ್ಟೆ, ಮೈಬಿಸಿ ನೋಡಿ. ಹಾಲು ಕುಡಿದಿದ್ದರೆ ಹೆಗಲಿಗೆ ಹಾಕಿಕೊಂಡು ಬೆನ್ನು ನೇವರಿಸಿ ತೇಗು ಬರಿಸಿ. ದೀಪ ತಗ್ಗಿಸಿ, ಟಿ.ವಿ. ಆರಿಸಿ. (ಟಿ.ವಿ.ಯವನೇ ಈ ಮಾತು ಹೇಳುತ್ತಿದ್ದೇನೆ!) ನಂತರ ಎದೆಗವಚಿಕೊಂಡು ನಡೆದಾಡಿ.

ಈ ನಡೆದಾಟಕ್ಕೂ ವಿಜ್ಞಾನದ ಬೆಂಬಲವಿದೆ. ಜಪಾನಿನ ರೈಕೆನ್ ಸಂಸ್ಥೆಯ ಕುಮಿ ಕುರೋಡ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿ ಎತ್ತಿಕೊಂಡು ನಡೆದೊಡನೆ ಕೂಸಿನ ಅಳು ತಗ್ಗಿ, ಹೃದಯದ ಬಡಿತ ನಿಧಾನವಾಯಿತು. ಎತ್ತಿಕೊಂಡು ಸುಮ್ಮನೆ ಕುಳಿತಾಗ ಅಷ್ಟು ಫಲ ಕಾಣಲಿಲ್ಲ. 2022ರಲ್ಲಿ ಅವರು ಇನ್ನೊಂದು ಸಲಹೆ ಕೊಟ್ಟರು: ಐದು ನಿಮಿಷ ನಡೆಯಿರಿ, ಮಗು ಮಲಗಿದ ಮೇಲೂ ಐದರಿಂದ ಎಂಟು ನಿಮಿಷ ಕುಳಿತಿದ್ದು ಆಮೇಲೆ ಹಾಸಿಗೆಗೆ ಇಳಿಸಿ. ಕೆನಡಾದಲ್ಲಿ 99 ತಾಯಿ–ಮಕ್ಕಳ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚು ಹೊತ್ತು ಎತ್ತಿಕೊಂಡ ಮಕ್ಕಳ ಅಳು ಆರನೆಯ ವಾರದಲ್ಲಿ ಶೇಕಡಾ 43ರಷ್ಟು ಕಡಿಮೆಯಿತ್ತು. ಆದರೆ ಕೋಲಿಕ್ ಇರುವ ಮಕ್ಕಳಲ್ಲಿ ಇದೇ ಉಪಾಯ ಅಷ್ಟಾಗಿ ಫಲಿಸಲಿಲ್ಲ. ಅಂದರೆ ಎಲ್ಲವನ್ನೂ ಮಾಡಿದರೂ ಕೆಲವು ಅಳು ನಿಲ್ಲದು. ಅದು ತಾಯಿಯ ಸೋಲಲ್ಲ.

ಎಚ್ಚರ! ಎಚ್ಚರ!

ನಿಲ್ಲದ ಅಳು ಸಹನೆಯನ್ನು ಒಡೆಯುತ್ತದೆ. ಎಷ್ಟೇ ಸಿಟ್ಟು ಬಂದರೂ ಕೂಸನ್ನು ಕುಲುಕಬಾರದು. ಅದರ ತಲೆ ಭಾರ, ಕತ್ತು ದುರ್ಬಲ, ಮಿದುಳು ಮೃದು. ಕೆಲವೇ ಕ್ಷಣಗಳ ಬಲವಾದ ಕುಲುಕಾಟದಿಂದ ಮಿದುಳಿನ ಸುತ್ತಲ ರಕ್ತನಾಳಗಳು ಹರಿದು, ಕುರುಡುತನ ಅಥವಾ ಸಾವೇ ಸಂಭವಿಸಬಹುದು. ತಾಳ್ಮೆ ಮೀರಿತೆನಿಸಿದರೆ ಸಮತಟ್ಟಾದ ಹಾಸಿಗೆಯಲ್ಲಿ ಮಗುವನ್ನು ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ಬನ್ನಿ. ಇನ್ನೊಬ್ಬರನ್ನು ಕರೆಯಿರಿ. ಅಳುವುದರಿಂದ ಮಗುವಿಗೆ ಕೇಡಿಲ್ಲ, ಕುಲುಕುವುದರಿಂದ ಉಂಟು.

ಕೂಸು ಹಾಲು ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಹಸಿರು ವಾಂತಿ ಮಾಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಫೋನ್ ಮಾಡಿ. ಸದಾ ಅಳುವ ಮಗುವಿಗಿಂತ ಅಳುವುದನ್ನೇ ಮರೆತ ಮಗು ಹೆಚ್ಚು ಅಪಾಯದಲ್ಲಿರಬಹುದು.

ಅಕ್ಕನನ್ನೂ ಗಮನಿಸಿ. ದಿನವಿಡೀ ಮಂಕು, ನಿದ್ದೆಗೇಡು, ‘ನಾನು ಕೆಟ್ಟ ತಾಯಿ’ ಎಂಬ ಮಾತು ಎರಡು ವಾರ ಮೀರಿದರೆ ಅದು ಬಾಣಂತಿಯ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಭೇಟಿ ಕೊಡಬೇಕಾದ ದಿನಗಳು 3, 7, 14, 21, 28 ಮತ್ತು 42. ಕೊನೆಯ ಭೇಟಿ ಸರಿಯಾಗಿ ಆರನೆಯ ವಾರಕ್ಕೇ ಬೀಳುತ್ತದೆ. ಆ ದಿನ ಅಳುವಿನ ಪ್ರಶ್ನೆಯನ್ನೂ ಕೇಳಿ.

ನೀವೇ ಮಾಡಿ ನೋಡಿ

ಒಂದು ಹಾಳೆಯಲ್ಲಿ 24 ಮನೆಗಳನ್ನು ಗೀಚಿ, ಮಗು ಅತ್ತ ಗಂಟೆಗಳಿಗೆ ಬಣ್ಣ ತುಂಬಿ. ಹಾಲು, ನಿದ್ದೆ, ಮೂತ್ರವನ್ನೂ ಗುರುತಿಸಿ. ಒಂದು ವಾರದ ಏಳು ಹಾಳೆಗಳನ್ನು ಒಂದರ ಕೆಳಗೊಂದು ಇಟ್ಟು ಅಕ್ಕನಿಗೆ ತೋರಿಸಿ. ಸಂಜೆಯ ಬಣ್ಣ ಅವರಿಗೂ ಕಾಣುತ್ತದೆ, ಮುಂದಿನ ವಾರಗಳಲ್ಲಿ ಅದು ತೆಳುವಾಗುವುದೂ ಕಾಣುತ್ತದೆ. ಆಮೇಲೆ ಪುಸ್ತಕ ಮುಚ್ಚಿ, ಅರ್ಧ ಗಂಟೆ ಕೂಸನ್ನು ನೀವು ಎತ್ತಿಕೊಳ್ಳಿ. ಅಕ್ಕ ಒಂದು ನಿದ್ದೆ ಮಾಡಲಿ.