ತೆರೆಯ ಮೇಲೆ ಗಾಡಿ ಹಾರುತ್ತದೆ, ಲೆಕ್ಕ ಕೊಡುವವರು ಯಾರು?

ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ದಾವಣಗೆರೆಯ ಯಾವುದಾದರೂ ದೊಡ್ಡ ರಸ್ತೆಯ ಬದಿ ಹತ್ತು ನಿಮಿಷ ನಿಂತು ನೋಡಿ. ಮೀಸೆ ಚಿಗುರದ ಹುಡುಗ ಸ್ಕೂಟರಿನ ಮೇಲೆ, ಹಿಂದೆ ಇಬ್ಬರು ಗೆಳೆಯರು. ಮೂವರಿಗೂ ಹೆಲ್ಮೆಟ್ ಇಲ್ಲ. ಸಿಟಿ ಬಸ್ಸಿನ ಎಡಗಡೆಯಿಂದ ನುಗ್ಗಿ, ಹಣ್ಣಿನ ತಳ್ಳುಗಾಡಿಗೆ ಇನ್ನೇನು ತಾಗಿತು ಎನ್ನುವಷ್ಟರಲ್ಲಿ ಸುಯ್ಯನೆ ಹೊರಳಿಸಿ, ತಿರುಗಿ ನೋಡಿ ನಗುತ್ತಾನೆ. ಬಸ್ಸಿಗೆ ಕಾದವರು ದಡಬಡಿಸಿ ಹಿಂದೆ ಸರಿಯುತ್ತಾರೆ. ‘ಸಿನಿಮಾ ನೋಡಿ ನೋಡಿ ಕೆಟ್ಟು ಹೋದ್ವು’ ಎಂದು ಅಂಗಡಿ ಕಟ್ಟೆಯ ಮೇಲೆ ತೀರ್ಪೂ ಆಗಿಬಿಡುತ್ತದೆ.

ತೀರ್ಪು ಅರ್ಧ ಸರಿ. ಉಳಿದ ಅರ್ಧ ಯಾರ ಮೇಲೆ ಬರುತ್ತದೆ, ನೋಡೋಣ.

ಏನೂ ಆಗಲಿಲ್ಲ ಎಂಬ ಪಾಠ

ಸಿನಿಮಾದಲ್ಲಿ ಹೀರೋ ಬೈಕು ಹತ್ತಿದ ಎಂದರೆ ಸಂತೆಯೊಳಗೇ ನುಗ್ಗಬೇಕು. ಟೊಮೆಟೊ ಬುಟ್ಟಿ ಚೆಲ್ಲಾಪಿಲ್ಲಿ, ಗಾಜಿನ ಅಂಗಡಿ ಚೂರು ಚೂರು, ಹತ್ತು ಕಾರು ಪಲ್ಟಿ. ಥೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! ಮುಂದಿನ ದೃಶ್ಯದಲ್ಲಿ ಹೀರೋ ಇಸ್ತ್ರಿ ಶರ್ಟು ತೊಟ್ಟು ಹಾಡಿಗೆ ಕುಣಿಯುತ್ತಾನೆ. ಟೊಮೆಟೊ ಮಾರುವವಳ ಗತಿ ಏನಾಯಿತು? ಪಲ್ಟಿಯಾದ ಕಾರಿನಲ್ಲಿದ್ದವರು ಬದುಕಿದರೇ? ಯಾರೂ ಕೇಳುವುದಿಲ್ಲ. ಜಮಾ ಪುಟ ಮಾತ್ರ ಇಟ್ಟು, ಖರ್ಚಿನ ಪುಟ ಹರಿದು ಬಿಸಾಕಿದ ಲೆಕ್ಕದ ಪುಸ್ತಕ ಅದು. ಯಾವ ವ್ಯಾಪಾರಿ ಇಂಥ ಪುಸ್ತಕ ನಂಬಿಯಾನು? ಮಕ್ಕಳು ಮಾತ್ರ ನಂಬುತ್ತಾರೆ.

ಇದು ಬರೀ ಊಹೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1965ರಲ್ಲಿ ಪುಟ್ಟ ಮಕ್ಕಳಿಗೆ ಒಂದು ಕಿರುಚಿತ್ರ ತೋರಿಸಿದರು. ದೊಡ್ಡವನೊಬ್ಬ ಗಾಳಿ ತುಂಬಿದ ಗೊಂಬೆಗೆ ಬಡಿಯುವ ಚಿತ್ರ. ಒಂದು ಗುಂಪಿನ ಮಕ್ಕಳು ನೋಡಿದ ಚಿತ್ರದಲ್ಲಿ ಕೊನೆಗೆ ಅವನಿಗೆ ಬಹುಮಾನ ಸಿಕ್ಕಿತು. ಇನ್ನೊಂದರಲ್ಲಿ ಬೈಗುಳ, ಪೆಟ್ಟು. ಮೂರನೆಯದರಲ್ಲಿ ಏನೂ ಆಗಲಿಲ್ಲ. ಶಿಕ್ಷೆ ನೋಡಿದ ಮಕ್ಕಳು ಅವನನ್ನು ಕಡಿಮೆ ಅನುಕರಿಸಿದರು. ‘ಏನೂ ಆಗಲಿಲ್ಲ’ ಎಂಬುದನ್ನು ನೋಡಿದವರೋ, ಬಹುಮಾನ ನೋಡಿದವರಷ್ಟೇ ಅನುಕರಿಸಿದರು! ಆಮೇಲೆ ‘ಅವನು ಮಾಡಿದ್ದು ಮಾಡಿ ತೋರಿಸಿ, ಉಡುಗೊರೆ ಕೊಡ್ತೀವಿ’ ಎಂದಾಗ ಮೂರೂ ಗುಂಪಿನವರು ಮಾಡಿ ತೋರಿಸಿದರು. ಕಲಿಯುವುದನ್ನಂತೂ ಎಲ್ಲರೂ ಕಲಿತಿದ್ದರು.

ಇಲ್ಲಿಯೂ ಅದೇ ಕಥೆ. ಮಕ್ಕಳನ್ನು ಕೆಡಿಸುವುದು ತೆರೆಯ ಮೇಲಿನ ವೇಗಕ್ಕಿಂತ, ಆ ವೇಗದಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬ ಸುಳ್ಳು.

ಕ್ಯಾಮರಾದ ಕೈಚಳಕ

ಹೀರೋ ಅಷ್ಟು ಜೋರಾಗಿ ಓಡಿಸುತ್ತಾನೆಯೇ? ಬಹಳ ಸಲ ಇಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ಚಿತ್ರೀಕರಣದಲ್ಲಿ 18 ಚಿತ್ರ ಮಾತ್ರ ತೆಗೆದು 24ರ ಲೆಕ್ಕದಲ್ಲಿ ಓಡಿಸಿದರೆ, 30 ಕಿ.ಮೀ. ವೇಗದ ಬೈಕು 40ರಲ್ಲಿ ಓಡಿದಂತೆ ಕಾಣುತ್ತದೆ. ಹಾರುವವನು ಬಹಳ ಸಲ ಹೀರೋ ಅಲ್ಲ, ಡೂಪು. ಅವನ ಸೊಂಟಕ್ಕೆ ಹಗ್ಗ, ಬೀಳುವ ಕಡೆ ರಟ್ಟಿನ ಪೆಟ್ಟಿಗೆಯ ರಾಶಿ. ರಸ್ತೆ ಬಂದ್ ಮಾಡಿರುತ್ತಾರೆ. ಸರಿಬರದಿದ್ದರೆ ಇನ್ನೊಂದು ಟೇಕು.

ನಮ್ಮ ರಸ್ತೆಗೆ ಈ ಅನುಕೂಲ ಇಲ್ಲ. 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಬಂದ ಅಜ್ಜಿಯನ್ನು ಕಣ್ಣು ಕಂಡು ಕೈ ಬ್ರೇಕು ಹಿಡಿಯುವಷ್ಟರಲ್ಲಿ ಅಷ್ಟು ದೂರ ಹೋಗಿಯೇ ಹೋಯಿತು. ಹಿಡಿದ ಮೇಲೂ ನಿಲ್ಲಲು, ಒಣ ರಸ್ತೆಯಲ್ಲೇ ಇನ್ನು ಸುಮಾರು 20 ಮೀಟರ್ ಬೇಕು. ಒಟ್ಟು ಮೂರು ಬಸ್ಸು ಸಾಲಾಗಿ ನಿಂತಷ್ಟು ಉದ್ದ. ಅದೇ 30ರ ವೇಗವಾದರೆ ಒಂದು ಬಸ್ಸಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಜ್ಜಿ ಉಳಿಯುವುದೂ ಬಿಡುವುದೂ ಈ ಎರಡು ಬಸ್ಸಿನ ಅಂತರದಲ್ಲಿ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕದಲ್ಲೇ 11 ಸಾವಿರಕ್ಕೂ ಮೇಲೆ. ದೇಶದ ಲೆಕ್ಕದಲ್ಲಿ 9 ಸಾವಿರಕ್ಕೂ ಹೆಚ್ಚು ಜನ 18 ತುಂಬದ ಮಕ್ಕಳು. ಖರ್ಚಿನ ಪುಟ ಎಂದರೆ ಇದೇ.

ಆನಗೋಡಿನ ನೆನಪು

ಈ ಊರಿನ ಆಟೋಗಳ ಮೇಲೆ ಶಂಕರ್ ನಾಗ್ ಚಿತ್ರ ಇಂದಿಗೂ ಕಾಣುತ್ತದೆ. 1980ರ ‘ಆಟೋ ರಾಜ’ ಬಂದಾಗಿನಿಂದ ಆಟೋದವರಿಗೆ ಆತ ಮನೆಮಗ. ಆ ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ತೀರಿಕೊಂಡದ್ದು ದಾವಣಗೆರೆ ಪಕ್ಕದ ಆನಗೋಡಿನ ಬಳಿ, ಹೆದ್ದಾರಿಯ ಕಾರು ಅಪಘಾತದಲ್ಲಿ. ವಯಸ್ಸು ಬರೀ 35. ತಪ್ಪು ಯಾರದ್ದು ಎಂಬುದಲ್ಲ ಇಲ್ಲಿನ ಮಾತು. ತೆರೆಯ ಮೇಲೆ ಎಷ್ಟು ದೊಡ್ಡ ಹೀರೋ ಆದರೂ ಹೆದ್ದಾರಿಯಲ್ಲಿ ಎರಡನೇ ಟೇಕು ಸಿಗುವುದಿಲ್ಲ, ಅಷ್ಟೆ. ಆಟೋ ಹಿಂದಿನ ಆ ಚಿತ್ರ ನೋಡಿದಾಗ ಮಕ್ಕಳಿಗೆ ಇದನ್ನೂ ಹೇಳಬೇಕು.

ಈಗಂತೂ ಟಾಕೀಸಿಗೆ ಹೋಗುವುದೇ ಬೇಡ, ತೆರೆ ಜೇಬಿನಲ್ಲೇ ಇದೆ. ಮೊಬೈಲಿನಲ್ಲಿ ವೀಲಿಂಗ್ ಮಾಡುವವನು ಪಕ್ಕದ ಬೀದಿಯ ಹುಡುಗನೇ, ಹೀರೋ ಅಲ್ಲ. ‘ಅವ್ನು ಮಾಡಿದ್ಮೇಲೆ ನಾನ್ಯಾಕೆ ಮಾಡಬಾರ್ದು?’ 2024ರ ಆಗಸ್ಟ್‌ನಲ್ಲಿ ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ ವೀಲಿಂಗ್ ಹಾವಳಿಗೆ ರೋಸಿಹೋದ ಜನ ಎರಡು ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. ಎಸೆದದ್ದೂ ತಪ್ಪೇ. ಆದರೆ ಜನರ ತಾಳ್ಮೆ ಎಲ್ಲಿಗೆ ಬಂದಿದೆ ಎಂದು ತಿಳಿಯಲು ಅಷ್ಟು ಸಾಕು.

ಕೀಲಿಕೈ ಕೊಟ್ಟವರು ಯಾರು?

ಸಿಗರೇಟಿನ ದೃಶ್ಯ ಬಂದರೆ ಎಚ್ಚರಿಕೆ ಹಾಕಲೇಬೇಕು ಎಂಬ ನಿಯಮ 2012ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಬೈಕಿನ ಹಾರಾಟಕ್ಕೂ ಕೆಲವು ಚಿತ್ರಗಳು ಒಂದು ಸಾಲು ಹಾಕುತ್ತವೆ. ಓದುವಷ್ಟರಲ್ಲಿ ಮಾಯ! ಸಿನಿಮಾದವರು ಹೀರೋ ತಲೆಗೆ ಒಂದು ಹೆಲ್ಮೆಟ್ ಇಟ್ಟರೆ ಮುಖ ಕಾಣದೆ ಟಿಕೆಟ್ಟು ಕಮ್ಮಿಯಾದೀತೇ? ಅವರೇ ಹೇಳಬೇಕು.

ಆದರೆ ಸ್ಕೂಟರಿನ ಕೀಲಿಕೈ ಕೊಟ್ಟವನು ಹೀರೋ ಅಲ್ಲ. ‘ನಮ್ ಹುಡುಗ ಏಳನೇ ಕ್ಲಾಸಿಗೇ ಗಾಡಿ ಹೊಡಿತಾನೆ’ ಎಂದು ಹೆಮ್ಮೆಯಿಂದ ಹೇಳುವ ಅಪ್ಪಂದಿರು ಎಷ್ಟಿಲ್ಲ? ಗೇರಿಲ್ಲದ ಗಾಡಿಗೆ 16 ಸಾಕು ಎನ್ನುವವರು ಗಮನಿಸಬೇಕು: ಅದು 50 ಸಿ.ಸಿ. ಒಳಗಿನದಕ್ಕೆ ಮಾತ್ರ. ಮನೆ ಮನೆಯಲ್ಲಿರುವ ಪೆಟ್ರೋಲ್ ಸ್ಕೂಟರು 100 ಸಿ.ಸಿ. ದಾಟಿದ್ದು. ಅದಕ್ಕೆ 18 ತುಂಬಲೇಬೇಕು.

2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯಿದೆಯ 199ಎ ಕಲಂ ಇನ್ನೂ ಖಡಕ್ಕು. ಹುಡುಗ ಗಾಡಿ ಓಡಿಸಿ ತಪ್ಪು ಮಾಡಿದರೆ ಅಪ್ಪನೋ ಗಾಡಿ ಮಾಲೀಕನೋ ಹೊಣೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ‘ನನಗೆ ಗೊತ್ತೇ ಇರಲಿಲ್ಲ ಸ್ವಾಮಿ’ ಎಂದರೆ ಸಾಲದು, ಸಾಬೀತು ಮಾಡಬೇಕು.

ಮಗು ದಿನವೂ ನೋಡುವ ಇನ್ನೊಂದು ಸಿನಿಮಾ ಇದೆ. ಅದರ ಹೀರೋ ಅಪ್ಪ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಒನ್‌ವೇಯಲ್ಲಿ ಉಲ್ಟಾ ಬರುವುದು, ಪೋಲೀಸರು ಕಂಡಾಗ ಮಾತ್ರ ಹೆಲ್ಮೆಟ್ ಏರಿಸುವುದು, ‘ಏನೂ ಆಗಲ್ಲ ಬಾ’ ಎನ್ನುವುದು, ಎಲ್ಲವೂ ಆ ಮಗುವಿಗೆ ಉಚಿತ ಪ್ರದರ್ಶನ. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ ಎಂಬುದು ಎಷ್ಟು ಮನೆಗೆ ಗೊತ್ತು?

ಸಿನಿಮಾ ನೋಡಬೇಡ ಎಂದರೆ ಮಕ್ಕಳು ಕೇಳುವುದಿಲ್ಲ. ನೋಡಲಿ. ಗಾಡಿ ಹಾರಿದಾಗ ಪಕ್ಕದಲ್ಲಿ ಕೂತು ‘ಆ ಟೊಮೆಟೊ ಮಾರೋಳಿಗೆ ಆಮೇಲೆ ಏನಾಯ್ತೋ?’ ಎಂದು ಒಂದು ಮಾತು ಕೇಳಿ. ಮನೆಗೆ ಬಂದ ಮೇಲೆ ಕೀಲಿಕೈಯನ್ನು ಮೊಳೆಗೆ ತೂಗಿಹಾಕದೆ ಜೇಬಿನಲ್ಲಿಟ್ಟುಕೊಳ್ಳಿ.