ತಿಳಿಯದವನ ವಸ್ತುವಿಗೆ ತಕ್ಕ ಬೆಲೆ

ಗಣಕಯಂತ್ರದ ಆಟಗಳು ಇಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮನೆಗಳನ್ನೂ ಹೊಕ್ಕಿವೆ. ಕೆಲವು ಆಟಗಳೊಳಗೆ ಒಂದು ಸಂತೆಯೂ ನಡೆಯುತ್ತದೆ ಎಂಬುದು ಅನೇಕ ತಂದೆತಾಯಿಗಳಿಗೆ ತಿಳಿಯದು. ‘ಕೌಂಟರ್ ಸ್ಟ್ರೈಕ್’ ಎಂಬ ಆಟದಲ್ಲಿ 2013ರಿಂದ ಆಯುಧಗಳ ಬಣ್ಣದ ಹೊದಿಕೆಗಳನ್ನು ಆಟಗಾರರು ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಳ್ಳುತ್ತಿದ್ದಾರೆ. ಕಣ್ಣಿಗೆ ಮಾತ್ರ ಕಾಣುವ ಈ ವಸ್ತುಗಳಲ್ಲಿ ಕೆಲವಕ್ಕೆ ಬೆಲೆ ಕೆಲವೇ ರೂಪಾಯಿ, ಅಪರೂಪದವಕ್ಕೆ ಲಕ್ಷಗಟ್ಟಲೆ. ಹೊಸ ಬಾಲಕನೊಬ್ಬನಿಗೆ ಅಂಥ ವಸ್ತು ದೊರೆತಾಗ, ಅದರ ಬೆಲೆ ಬಲ್ಲ ಪಳಗಿದ ಆಟಗಾರನು ಬಾಯಿ ಬಿಡದೆ ಅಲ್ಪಕ್ಕೆ ಪಡೆದುಕೊಳ್ಳುವುದುಂಟು. ಇಂಥವರಿಗೆ ಆ ವಲಯದಲ್ಲಿ ‘ಶಾರ್ಕ್’ ಎಂದೇ ಹೆಸರು. “ಅವನೇ ಒಪ್ಪಿ ಕೊಟ್ಟನಲ್ಲ, ನಾನು ಸುಳ್ಳು ಹೇಳಲಿಲ್ಲವಲ್ಲ” ಎಂಬುದು ಅವರ ಸಮಾಧಾನ.

ಈ ಸಮಾಧಾನ ಹೊಸದಲ್ಲ. ನಮ್ಮ ಸೀಮೆಯಲ್ಲಿ ಹುಣಸೆಯ ಫಸಲನ್ನು ಮರದಲ್ಲಿರುವಾಗಲೇ ಅಂದಾಜಿನ ಮೇಲೆ ಗುತ್ತಿಗೆಗೆ ಕೊಡುವ ರೂಢಿಯಿದೆ. ಅನುಭವಿ ವ್ಯಾಪಾರಿಗೆ ಕೊಂಬೆ ನೋಡಿದರೆ ತೂಕ ತಿಳಿಯುತ್ತದೆ. ಗಂಡನನ್ನು ಕಳೆದುಕೊಂಡು ಮೊದಲ ಬಾರಿಗೆ ವ್ಯವಹಾರಕ್ಕೆ ನಿಂತ ಹೆಣ್ಣುಮಗಳಿಗಾದರೋ ತುಮಕೂರು ಮಾರುಕಟ್ಟೆಯ ಅಂದಿನ ಧಾರಣೆಯೂ ತಿಳಿದಿರುವುದಿಲ್ಲ. ಅವಳು ತಲೆಯಾಡಿಸಿದ ಮಾತ್ರಕ್ಕೆ ವ್ಯವಹಾರ ನ್ಯಾಯವಾಯಿತೇ?

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಮಾರುವವನು ತನ್ನ ಚಿನ್ನವನ್ನು ಹಿತ್ತಾಳೆಯೆಂದು ಭ್ರಮಿಸಿ ಕೊಡುತ್ತಿದ್ದು, ಕೊಳ್ಳುವವನಿಗೆ ಅದು ಚಿನ್ನವೆಂದು ತಿಳಿದಿದ್ದರೆ, ಆ ಖರೀದಿ ಅನ್ಯಾಯ. ಅವನು ನಷ್ಟ ತುಂಬಿಕೊಡಲು ಬದ್ಧ ಎಂಬುದು ಅವರ ತೀರ್ಪು. ಏನನ್ನು ಕೊಡುತ್ತಿದ್ದೇನೆಂದು ಅರಿಯದವನ ಒಪ್ಪಿಗೆ ಪೂರ್ಣ ಒಪ್ಪಿಗೆಯಲ್ಲ. ತನ್ನ ಹೊತ್ತಗೆಯ ಬೆಲೆ ತಿಳಿಯದೆ ಅಲ್ಪ ಹಣ ಕೇಳಿದವನಿಗೆ, ಕೇಳಿದ್ದಕ್ಕಿಂತ ಬಹಳ ಹೆಚ್ಚಾದ ನ್ಯಾಯಬೆಲೆಯನ್ನೇ ತೆತ್ತ ಒಬ್ಬ ವ್ಯಕ್ತಿಯನ್ನು ಸಂತ ಅಗಸ್ಟೀನರು ಸ್ಮರಿಸುತ್ತಾರೆ. ಕ್ರಿಸ್ತನ ಹೆಸರನ್ನೇ ಕೇಳದ ರೋಮಿನ ಸ್ಕೆವೋಲನೂ ಭೂಮಿ ಕೊಳ್ಳುವಾಗ, ಕೇಳಿದ ಬೆಲೆ ಕಡಿಮೆಯಾಯಿತೆಂದು ಲಕ್ಷ ನಾಣ್ಯಗಳನ್ನು ಸೇರಿಸಿ ಕೊಟ್ಟನೆಂದು ಸಿಸೆರೊ ಬರೆದಿದ್ದಾನೆ.

ಹಾಗಾದರೆ ವ್ಯಾಪಾರಿಯ ತಿಳಿವಳಿಕೆಗೆ ಬೆಲೆಯೇ ಇಲ್ಲವೇ? ಇದೆ. ಅವನ ಶ್ರಮ, ಸಾಗಾಟ, ದಾಸ್ತಾನು, ನಷ್ಟದ ಭಯ ಇವೆಲ್ಲಕ್ಕೂ ಲಾಭ ಸಲ್ಲಬೇಕು. ಬರದ ಊರಿಗೆ ಧಾನ್ಯ ತಂದವನು, ಹಿಂದೆ ಇನ್ನಷ್ಟು ಬಂಡಿಗಳು ಬರುತ್ತಿವೆಯೆಂದು ಹೇಳಲು ನ್ಯಾಯದ ಪ್ರಕಾರ ಬದ್ಧನಲ್ಲ, ಹೇಳಿದರೆ ಅದು ಹಿರಿದಾದ ಸದ್ಗುಣ ಎಂದು ಅಕ್ವಿನಾಸರೇ ಬಗೆದಿದ್ದಾರೆ. ನಾಳಿನ ಧಾರಣೆಯ ಊಹೆ ಬೇರೆ, ಇಂದಿನ ಬೆಲೆಯನ್ನು ಮರೆಮಾಚುವುದು ಬೇರೆ.

ಆಟದ ವಸ್ತು ಬರಿಯ ನೆರಳು, ಅದಕ್ಕೇಕೆ ಇಷ್ಟು ಧರ್ಮಜಿಜ್ಞಾಸೆ ಎನ್ನುವವರಿದ್ದಾರೆ. ಅದು ನೆರಳಾಗಿದ್ದರೆ ಬಲ್ಲವನು ಅದಕ್ಕೆ ಹೊಂಚುಹಾಕುತ್ತಿರಲಿಲ್ಲ. ಮೇಲಾಗಿ, ಬಾಲಕನೊಬ್ಬನು ಹದಿನಾಲ್ಕರಲ್ಲಿ ಆಟದೊಳಗೆ ಕಲಿತ ಕೈಚಳಕವನ್ನೇ ನಲವತ್ತರಲ್ಲಿ ಹುಣಸೆತೋಪಿನಲ್ಲಿ ತೋರಿಸಿಯಾನು.

ಬೆಲೆ ಬಹಿರಂಗವಾಗಿದ್ದಲ್ಲಿ ತಿಳಿಯದವನಿಗೂ ರಕ್ಷಣೆಯುಂಟು. ಪಾವಗಡದ ಸೌರ ಉದ್ಯಾನಕ್ಕೆ ಭೂಮಿ ಪಡೆದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿಯೆಂದೂ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯೆಂದೂ ಗೊತ್ತುಪಡಿಸಲಾಯಿತು. ಆ ಯೋಜನೆಯ ಉಳಿದ ಸಾಧಕಬಾಧಕಗಳು ಏನೇ ಇರಲಿ, ಓದುಬಲ್ಲ ರೈತನಿಗೊಂದು, ಹೆಬ್ಬೆಟ್ಟಿನವನಿಗೊಂದು ಎಂಬ ದರವಿರಲಿಲ್ಲ. ಮಾರುಕಟ್ಟೆ ಪ್ರಾಂಗಣದ ಬಹಿರಂಗ ಹರಾಜಿನ ಉದ್ದೇಶವೂ ಇದೇ.

ಪ್ರಿಯ ಓದುಗರೇ, ಮಕ್ಕಳು “ಅಗ್ಗಕ್ಕೆ ಸಿಕ್ಕಿತು” ಎಂದು ಹಿಗ್ಗಿದಾಗ, “ಕೊಟ್ಟವನಿಗೆ ಅದರ ಬೆಲೆ ಗೊತ್ತಿತ್ತೇ?” ಎಂದು ಕೇಳೋಣ. ಕೊಳ್ಳುವಾಗ ವಸ್ತುವನ್ನು ಹಳಿದು, ಆಚೆ ಹೋದಮೇಲೆ ಕೊಚ್ಚಿಕೊಳ್ಳುವವನ ಚಿತ್ರ ಜ್ಞಾನೋಕ್ತಿಗಳ ಗ್ರಂಥದಲ್ಲಿದೆ. ಅದರಲ್ಲಿ ನಮ್ಮ ಮನೆಯವರ ಮುಖ ಕಾಣದಿರಲಿ. ಜಕ್ಕಾಯನು ಯೇಸುಸ್ವಾಮಿಯ ಮುಂದೆ ಪಶ್ಚಾತ್ತಾಪದ ಮಾತಾಡಿ ಸುಮ್ಮನಾಗಲಿಲ್ಲ, ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಆಟದ ವಸ್ತುವನ್ನು ಕುಳಿತಲ್ಲಿಂದಲೇ ಮರಳಿಸಬಹುದು. ಹುಣಸೆಯ ಬಾಕಿ ತಲುಪಿಸಲು ಆ ಹೆಣ್ಣುಮಗಳ ಮನೆಯವರೆಗೆ ನಡೆದುಹೋಗಬೇಕು. ಪಾಪನಿವೇದನೆಗೆ ಬರುವ ಮುನ್ನ ಆ ದಾರಿಯನ್ನು ಸವೆಸಿ ಬರೋಣ.